ಕಾಶಮ್ಮನ ಗಂಟು ಬಿಚ್ಚಿಲ್ಲ

ಬೆಳಗಿನ ಐದೂವರೆ. ಕಾಶಿಯ ಎದುರುದಂಡೆಯ ರಾಮನಗರದಲ್ಲಿ, ಕೋಟೆಯಾಚೆಯ ತಗಡಿನ ಶೆಡ್ಡಿನಲ್ಲಿ ಕಾಶಮ್ಮ ವಿಮಾನದ ರೆಕ್ಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಗೇಣುದ್ದದ ಸೂಜಿ ಮೇಲಿನ ಬಟ್ಟೆಯಲ್ಲಿ ಇಳಿದು, ರೆಕ್ಕೆಗೆ ಆಕಾರ ಕೊಡುವ ಮರದ ಪಕ್ಕೆಲುಬನ್ನು ಸುತ್ತಿ, ಕೆಳಗಿನ ಬಟ್ಟೆಯಿಂದ ಹೊರಬರುತ್ತದೆ. ಒಂದು ಗಂಟು. ನಾಲ್ಕು ಬೆರಳು ಅಳೆಯುತ್ತಾರೆ. ಇನ್ನೊಂದು ಗಂಟು. ಸೆಕೆ ಏರುವ ಮೊದಲು ಒಂದು ಪಕ್ಕೆಲುಬು ಮುಗಿಯಬೇಕು.

ಇಲ್ಲಿನ ಖಾಸಗಿ ಟ್ರಸ್ಟೊಂದು ನೂರಹದಿನೈದು ವರ್ಷ ಹಿಂದಿನ ಮಾದರಿಯ ವಿಮಾನ ಕಟ್ಟುತ್ತಿದೆ. ಮರ, ತಂತಿ, ಹತ್ತಿ ಬಟ್ಟೆ, ಒಂದು ಎಂಜಿನ್, ಅಷ್ಟೇ. ಗಂಗೆಯ ಮರಳ ಮೇಲಿಂದ ನಿಜವಾಗಿ ಹಾರಿಸುತ್ತಾರಂತೆ. 1911ರಲ್ಲಿ ಪಕ್ಕದ ಅಲಹಾಬಾದಿನಲ್ಲಿ ಇಂಥದ್ದೊಂದು ವಿಮಾನ ಟಪಾಲು ಚೀಲ ಹೊತ್ತು ಯಮುನೆ ದಾಟಿತ್ತು. ಹಾರಿಸಿದವನ ಹೆಸರು ಪುಸ್ತಕದಲ್ಲಿದೆ. ರೆಕ್ಕೆ ಹೊಲಿದವರದ್ದು ನನಗಂತೂ ಎಲ್ಲೂ ಸಿಗಲಿಲ್ಲ. ಕಾಶಮ್ಮನ ಹೆಸರಾದರೂ ಬರವಣಿಗೆಯಲ್ಲಿ ಸಿಕ್ಕಿತಲ್ಲ ಎಂದು ಖುಷಿಪಡುವ ಹಾಗಿಲ್ಲ. ಅದು ಸಿಕ್ಕಿದ್ದು ತಪ್ಪಿತಸ್ಥಳೆಂದು ಹೇಳುವ ಒಂದು ವರದಿಯಲ್ಲಿ.

ಐವತ್ನಾಲ್ಕರ ಕಾಶಮ್ಮ ಆಳಂದದ ಕಡೆಯವರು, ಮದುವೆಯಾಗಿ ಕಾಶಿಯ ಶಿವಾಲ ಎಂಬ ಬಡಾವಣೆಗೆ ಬಂದವರು. ಗಂಡ ಸಂಗಯ್ಯ ಅಲ್ಲಿನ ವೀರಶೈವ ಮಠದ ಅಡುಗೆಮನೆಯಲ್ಲಿದ್ದರು, ತೀರಿಕೊಂಡು ಹನ್ನೊಂದು ವರ್ಷ. ಅಂದಿನಿಂದ ಮಠಕ್ಕೆ ಬರುವವರಿಗೆ ಇಷ್ಟಲಿಂಗ ಧರಿಸುವ ಶಿವದಾರ ಮಾಡಿಕೊಡುವುದೇ ಇವರ ಬದುಕು.

"ಗಂಟು ನಮ್ಮತ್ತಿ ಕಲಿಸ್ಯಾರ್ರಿ. ಎಳಿ ಹರೀಬಹುದು, ಕೊಳ್ಳಾಗಿನ ಲಿಂಗ ಕೆಳಗ ಬೀಳಬಾರದು. ಅದಕ್ಕ ಒಂದು ಗಂಟು ಇನ್ನೊಂದರ ಮ್ಯಾಲ ಭಾರ ಹಾಕಬಾರದು."

ಈ ಗಂಟನ್ನು ಮಠದಲ್ಲಿ ನೋಡಿದವರು ಟ್ರಸ್ಟಿನ ಎಂಜಿನ್ ನೋಡಿಕೊಳ್ಳುವ ಶೇಷಗಿರಿ, ವಾಯುಪಡೆಯ ನಿವೃತ್ತ ತಂತ್ರಜ್ಞ. ಹಾರುವಾಗ ಗಾಳಿ ರೆಕ್ಕೆಯ ಮೇಲಿನ ಬಟ್ಟೆಯನ್ನು ಮೇಲಕ್ಕೆ ಸೆಳೆಯುತ್ತದೆ. ಬಟ್ಟೆ ಪಕ್ಕೆಲುಬನ್ನು ಬಿಟ್ಟರೆ ರೆಕ್ಕೆಯ ಆಕಾರ ಹೋಯಿತು, ಒಳಗೆ ಕೂತವನ ಗತಿ ಮುಗಿಯಿತು. ಒಂದು ಗಂಟು ಹರಿದರೂ ಪಕ್ಕದ್ದು ಜಗ್ಗದೆ ನಿಲ್ಲಬೇಕು. ಹಾಗೆ ಕಾಶಮ್ಮ ಇಲ್ಲಿಗೆ ಬಂದರು. ದಿನಕ್ಕೆ ನೂರಿಪ್ಪತ್ತು ಗಂಟು. ಆಮೇಲೆ ತೆಳು ಅಕ್ಕಿಗಂಜಿ ಸವರಿ ಬಟ್ಟೆ ಬಿಗಿಯುತ್ತಾರೆ.

ಶಿವರಾತ್ರಿಗೆ ಮೂರು ದಿನ ಕಾಶಮ್ಮ ಮಠ ಬಿಟ್ಟು ಬರುವಂತಿರಲಿಲ್ಲ. ಇನ್ನೂ ಹೊಲಿಯದ ಐದು ಪಕ್ಕೆಲುಬು ಎಡರೆಕ್ಕೆಯಲ್ಲಿ ಎಂಜಿನ್ನಿನ ಪಕ್ಕಕ್ಕೇ ಉಳಿದಿದ್ದವು. ಅತಿಥಿಗಳು ಬರುತ್ತಾರೆಂದು ಟ್ರಸ್ಟಿನ ವ್ಯವಸ್ಥಾಪಕರು ಬೇರೆಯವರನ್ನು ಕರೆಸಿ ಅಲ್ಲಿ ಬಟ್ಟೆಯನ್ನು ಅಂಟಿನಿಂದ ಮೆತ್ತಿಸಿದರು. ವಿಮಾನವನ್ನು ಗೂಟಕ್ಕೆ ಕಟ್ಟಿ ಎಂಜಿನ್ ಚಾಲೂ ಮಾಡಿದ ಎರಡೇ ನಿಮಿಷಕ್ಕೆ ಬಟ್ಟೆ ಕಿತ್ತುಬಂತು. ಕಿತ್ತದ್ದು ಅಂಟಿನ ಭಾಗ ಮಾತ್ರ. ಆರನೇ ಪಕ್ಕೆಲುಬಿನ ಮೊದಲ ಗಂಟಿನ ಹತ್ತಿರ ಹರಿಯುವುದು ನಿಂತುಬಿಟ್ಟಿದೆ. ನಾನೇ ಬೆರಳಿಟ್ಟು ನೋಡಿದೆ.

ಟ್ರಸ್ಟಿನ ಇಂಗ್ಲಿಷ್ ವರದಿ ಮಾತ್ರ, ಕಾಶಮ್ಮನ ಹೊಲಿಗೆಯ ದೋಷದಿಂದ ರೆಕ್ಕೆ ಹಾಳಾಯಿತು ಎನ್ನುತ್ತದೆ. ಅದಕ್ಕೆ ಶನಿವಾರದೊಳಗೆ ಅವರು ಸಹಿ ಮಾಡಬೇಕು. ಮಾಡಿದರೆ ಕೆಲಸ ಉಳಿಯುತ್ತದಂತೆ, ಮಾಡದಿದ್ದರೆ ಉಳಿದ ರೆಕ್ಕೆಗಳೆಲ್ಲ ಅಂಟಿನವರ ಪಾಲು. ಇದೆಂಥ ನ್ಯಾಯ?

ವ್ಯವಸ್ಥಾಪಕರನ್ನು ಕೇಳಿದೆ. "ದಾರ ಮಾರುವ ಹೆಂಗಸಿಗೆ ವಿಮಾನದ ವಿಷಯ ಏನು ಗೊತ್ತು?" ಎಂದು ಹಿಂದಿಯಲ್ಲಿ ನಕ್ಕು, ನನಗೆ ಚಹಾ ತರಿಸಿದರು. ನಾನು ಚಹಾ ಮುಟ್ಟಲಿಲ್ಲ. ಶೇಷಗಿರಿಯವರಿಗೆ ಸತ್ಯ ಗೊತ್ತು. "ಆಕೆಯದು ತಪ್ಪಿಲ್ಲ ಸಾರ್" ಎಂದು ಗೇಟಿನ ಹೊರಗೆ ಬಂದು ಹೇಳುತ್ತಾರೆ. ಬರೆದು ಕೊಡಿ ಎಂದರೆ ಗಡಿಯಾರ ನೋಡಿಕೊಳ್ಳುತ್ತಾರೆ. ಮರಳ ಮೇಲಿಂದ ಈ ವಿಮಾನ ಎತ್ತುವವನು ಯಾರೋ, ಅವನಿಗೂ ಇವರು ಗಡಿಯಾರವನ್ನೇ ತೋರಿಸುತ್ತಾರೇನೋ.

ಸೇತುವೆ ದಾಟಿ ಮನೆಗೆ ಮರಳುವ ಕಾಶಮ್ಮನ ಆಟೋದಲ್ಲಿ ನಾನೂ ಇದ್ದೇನೆ. ಮಗಳು ದಾಕ್ಷಾಯಣಿ ಫೋನಿನಲ್ಲಿ, ಸೈನ್ ಕರ್ ದೋ ಅಮ್ಮಾ, ಸಹಿ ಹಾಕಲಿಲ್ಲಂದ್ರ ಕೆಲಸ ಹೋಗತದ ಎನ್ನುತ್ತಾಳೆ. ವಿಮಾನದ ಫಲಕದಲ್ಲಿ ನಿಮ್ಮ ಹೆಸರು ಹಾಕಲು ಟ್ರಸ್ಟಿನವರನ್ನು ಕೇಳಬಾರದೇ ಎಂದು ನಾನು ಕೇಳುತ್ತೇನೆ. ಅವರು ನನ್ನನ್ನೊಮ್ಮೆ ನೋಡುತ್ತಾರೆ.

"ಫಲಕ ತೊಗೊಂಡು ಏನ್ ಮಾಡ್ಲಿರೀ. ಶನಿವಾರ ನಾ ಹೋಗಾಕಿನಽ. ಸಹಿ ಹಾಕಾಕಲ್ಲ. ಆ ಐದು ಪಕ್ಕೆಲುಬಿನ ಅಂಟು ಬಿಚ್ಚಿ ಕೊಡ್ರಿ, ಹೊಲೀತೀನಿ ಅಂತೀನಿ. ಕೊಡಲಿಲ್ಲಂದ್ರ ಬಾಗಲದಾಗ ಕುಂದರ್ತೀನಿ. ಅದನ್ನ ಹಾರಿಸೋ ಹುಡುಗ ಬರ್ತಾನಲ್ರೀ, ಅವಗ ಹೇಳಬೇಕು, ಇದರಾಗ ಹತ್ತಬ್ಯಾಡಪ್ಪಾ ಅಂತ."