ಹಿಂದಕ್ಕೆ ಓಡುತ್ತಿದ್ದ ಡೆರಿಕ್

ಡೆರಿಕ್‌ನಲ್ಲಿ ನಾನು ಮೊದಲು ನೋಡಿದ್ದು ಅವನ ಬೆನ್ನು. ಬೆಳಿಗ್ಗೆ ಏಳಕ್ಕೆ ನೋವೈ ಊರಿನ ನಮ್ಮ ಸಬ್‌ಡಿವಿಷನ್ ಬಡಾವಣೆಯಲ್ಲಿ ಎಲ್ಲರೂ ಆಫೀಸಿನ ಕಡೆ ಮುಖ ಮಾಡಿ ಹೊರಡುವಾಗ ಇವನೊಬ್ಬ ಹಿಂದುಹಿಂದಕ್ಕೆ ಓಡುತ್ತ ಬರುತ್ತಿದ್ದ. ರಸ್ತೆಬದಿಯ ಕಂಬಗಳ ಒಂದು ಮೇಲ್‌ಬಾಕ್ಸ್‌ಗೂ ತಾಗುತ್ತಿರಲಿಲ್ಲ. ಮುಂದೆಯೇ ನೋಡಿಕೊಂಡು ಕಾರು ಓಡಿಸುವ ನಾನು ಆ ವರ್ಷ ಎರಡನ್ನು ಬೀಳಿಸಿದ್ದೆ.

ಅವನು ಪಕ್ಕದ ಮನೆಯ ನರ್ಸ್ ಲೊರೇನ್‌ಳ ಒಬ್ಬನೇ ಮಗ. ಬೀದಿಯ ಮಕ್ಕಳನ್ನು ನೋಡಿ ನನ್ನನ್ನು ಆಂಟಿ ಎನ್ನಲು ಕಲಿತಿದ್ದ. ಇಲ್ಲೇ ಮಿಷಿಗನ್‌ನಲ್ಲಿ ಕಾಲೇಜು ತಂಡಕ್ಕೆ ಫುಟ್‌ಬಾಲ್ ಆಡಿ ಹೆಸರು ಮಾಡಿದವನು. ಇಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಈ ಬಗ್ಗೆ ನಾನು ಆರ್ಗ್ಯೂ ಮಾಡುವುದನ್ನು ಬಿಟ್ಟು ಬಹಳ ವರ್ಷವಾಯಿತು. ಎದುರಾಳಿಗೆ ಚೆಂಡು ಸಿಗದಂತೆ ಅವನ ಮುಂದೆಯೇ ಹಿಂದಕ್ಕೆ ಓಡುತ್ತ ಕಾವಲಿರುವುದು ಡೆರಿಕ್‌ನ ಕೆಲಸ. ಕಾಲೇಜು ಮುಗಿದ ಮೇಲೆ ಅಮೆರಿಕದ ದೊಡ್ಡ ತಂಡಗಳು ಎರಡು ಇಂಚು ಕುಳ್ಳ ಎಂದು ಬಿಟ್ಟವು. ಕೆನಡಾದ ಒಂದು ತಂಡ ಆಯ್ಕೆಯ ಕ್ಯಾಂಪಿಗೆ ಕರೆಯಿತು. ಹೋದವನು ಮೂರನೇ ವಾರ ವಾಪಸು ಬಂದ.

ನಮ್ಮ ಅಡುಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕಾರಣ ಹೇಳಿದ. ಅವನ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ಇಳಿಸಿದ್ದೇನೆ.

"ಇಲ್ಲಿ ಪ್ರತಿ ಸಲ ಚೆಂಡು ಎತ್ತೋವರೆಗೂ ಎದುರಿನವನು ಮುಂದಕ್ಕೆ ಬರೋ ಹಾಗಿಲ್ಲ ಆಂಟಿ. ಕೆನಡಾದಲ್ಲಿ ಅವನು ಮೊದಲೇ ಓಡ್ಕೊಂಡು ಬರ್ತಿರ್ತಾನೆ. ನಾನು ತಿರುಗೋ ಹೊತ್ತಿಗೆ ದಾಟಿರ್ತಾನೆ."

ಮುಂದಿನ ಮೇ ತಿಂಗಳಲ್ಲಿ ಇನ್ನೊಂದು ಸಲ ಬಾ ಎಂದು ತಂಡದವರು ಹೇಳಿದ್ದರು. ಅದೂ ಆಗದಿದ್ದರೆ ತನ್ನ ಆಸ್ಪತ್ರೆಯ ಸ್ಟೋರ್ಸ್‌ನಲ್ಲಿ ಕೆಲಸಕ್ಕೆ ಸೇರಬೇಕು, ಇಪ್ಪತ್ತಾರಾಯಿತು, ಇನ್ನು ಆಟ ಸಾಕು ಎಂದು ಲೊರೇನ್ ಹೇಳಿಬಿಟ್ಟಿದ್ದಳು. ಇವನೂ ಒಪ್ಪಿದ್ದ.

ಏಪ್ರಿಲ್‌ನಲ್ಲಿ ಒಂದು ದಿನ ಬಂದು ಕೇಳಿದ. "ಆಂಟಿ, ನಿಮ್ಮ ಕಾರನ್ನ ನನ್ನ ಮೇಲೆ ಬಿಡ್ತೀರಾ? ಮೆಲ್ಲಗೆ. ನಾನು ಮುಂದೆ ಹಿಂದಕ್ಕೆ ಓಡ್ತಿರ್ತೀನಿ."

"ನಮ್ಮ ಸುಧಾನ ಕೇಳಪ್ಪ," ಎಂದೆ. ಸುಧಾ ನನ್ನ ಮಗಳು. "ಅವಳು ಚೆನ್ನಾಗಿ ಡ್ರೈವ್ ಮಾಡ್ತಾಳೆ."

"ಚೆನ್ನಾಗಿ ಮಾಡೋರು ಬೇಡ. ಎಲ್ಲಿ ತಿರುಗ್ತಾರೆ ಅಂತ ಗೊತ್ತಾಗಿಬಿಡುತ್ತೆ. ನಿಮ್ಮದು ನಿಮಗೇ ಗೊತ್ತಿರಲ್ಲ."

ಅದನ್ನು ಕಾಂಪ್ಲಿಮೆಂಟ್ ಎಂದೇ ತೆಗೆದುಕೊಂಡೆ. ಸುಧಾಗೆ ತಿಳಿಸಲಿಲ್ಲ.

ಸಬ್‌ಡಿವಿಷನ್‌ನ ತುದಿಯಲ್ಲಿ ಇನ್ನೂ ಮನೆ ಏಳದ ಒಂದು ರಸ್ತೆಯಿತ್ತು. ಗಂಟೆಗೆ ಹತ್ತು ಮೈಲಿಯ ವೇಗದಲ್ಲಿ ನಾನು ಅವನ ಮೇಲೆ ಬರುತ್ತಿದ್ದೆ. ಎಡಕ್ಕೋ ಬಲಕ್ಕೋ ತಿರುಗಿದರೆ ಅವನೂ ಆ ಕಡೆಗೇ ಹೊರಳಬೇಕು. ಒಮ್ಮೆ ಎಡಗಡೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿಸಿದೆ. ಅವನು ಆಗಲೇ ಬಲಕ್ಕಿದ್ದ.

"ನಾನು ನಿಮ್ಮ ಲೈಟ್ ನೋಡಲ್ಲ, ಚಕ್ರ ನೋಡ್ತೀನಿ," ಎಂದ. "ಮನುಷ್ಯರಾದರೆ ಸೊಂಟ ನೋಡ್ಬೇಕು. ಮುಖ ಸುಳ್ಳು ಹೇಳುತ್ತೆ, ಸೊಂಟಕ್ಕೆ ಸುಳ್ಳು ಬರಲ್ಲ."

ಬೆಂಗಳೂರಿನ ನಮ್ಮ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದರೂ ಸೊಂಟದ ಬಗ್ಗೆ ಇಷ್ಟು ಉಪಯುಕ್ತವಾದ ಮಾತನ್ನು ಯಾವ ಸಿಸ್ಟರೂ ಹೇಳಿರಲಿಲ್ಲ.

ಮೂರನೇ ದಿನ, ನಾಯಿಯೊಂದಿಗೆ ವಾಕಿಂಗ್ ಬಂದ ಧಾರವಾಡದ ಕುಲಕರ್ಣಿಯವರು ಕಾರಿನ ಕಿಟಕಿ ತಟ್ಟಿದರು.

"ಏನ್ರೀ ಆಂಟಿ, ಆ ಹುಡುಗ ನಿಮಗೇನು ಮಾಡ್ಯಾನ್ರೀ? ಬಿಟ್ಬಿಡ್ರಿ ಪಾಪ, ಅವರವ್ವಗ ಒಬ್ಬನಽ ಮಗ."

"ಪ್ರಾಕ್ಟೀಸ್ ನಡೀತಿದೆ ಕುಲಕರ್ಣಿಯವರೇ."

"ಯಾರದು? ಅವಂದೋ, ನಿಮ್ಮದೋ?"

ಸ್ವಲ್ಪ ಹೊತ್ತು ನಿಂತು ನೋಡಿ, ನಾಯಿಯನ್ನು ಎತ್ತಿಕೊಂಡು ಹೋದರು.

ಕೊನೆಯ ವಾರ ಬ್ರೇಕ್ ಎಂದುಕೊಂಡು ನಾನು ಇನ್ನೊಂದನ್ನು ಒತ್ತಿದೆ. ಡೆರಿಕ್ ಎರಡೂ ಅಂಗೈಗಳನ್ನು ಬಾನೆಟ್ ಮೇಲೆ ಊರಿ, ನಾಲ್ಕು ಹೆಜ್ಜೆ ಹಿಂದಕ್ಕೆ ಓಡಿ, ಪಕ್ಕದ ಹುಲ್ಲಿಗೆ ಹಾರಿದ. ಕಾರು ನಿಂತಿತು. ಅವನು ಹುಲ್ಲಿನಲ್ಲೇ ಕೂತಿದ್ದ.

"ಅದೇ ಆಂಟಿ. ಅವರು ಬರೋದು ಹಾಗೇ. ಇನ್ನೊಂದು ಸಲ."

ಇನ್ನೊಂದು ಸಲ ನನ್ನಿಂದಾಗಲಿಲ್ಲ. ಕೀಯನ್ನು ಅವನ ಕೈಗಿಟ್ಟೆ. ಅವನೇ ಕಾರನ್ನು ಮನೆಗೆ ತಂದು ಗರಾಜಿನಲ್ಲಿಟ್ಟು, ಬಾನೆಟ್ ಮೇಲಿದ್ದ ಅಂಗೈ ಗುರುತುಗಳನ್ನು ಸುಧಾ ಬರುವುದರೊಳಗೆ ಒರೆಸಿದ.

ಮೇ ತಿಂಗಳಲ್ಲಿ ಹೊರಡುವ ದಿನ ಬಾಗಿಲಲ್ಲೇ ನಿಂತು ಹೇಳಿದ. "ಜೂನ್ ಮೊದಲ ವಾರ ಲಿಸ್ಟ್ ಹಾಕ್ತಾರೆ. ಹೆಸರಿಲ್ಲದೋರು ಅವತ್ತೇ ವಾಪಸು. ನಾನು ಇಲ್ಲಿ ಕಂಡ್ರೆ ಏನೂ ಕೇಳ್ಬೇಡಿ ಆಂಟಿ."

"ಕೇಳಲ್ಲ. ಹೋಗಿ ಬಾ" ಎಂದೆ. ಹೇಳಿದ ಮೇಲೆ, ಆ 'ಬಾ' ಬೇಡವಾಗಿತ್ತು ಅನ್ನಿಸಿತು.

ಆ ವಾರವೆಲ್ಲ ಕಿಟಕಿಯಲ್ಲೇ ಇದ್ದೆ. ನನ್ನ ಇಷ್ಟು ವಯಸ್ಸಿಗೆ ಎಷ್ಟೋ ಜನ ಬರಲಿ ಎಂದು ಕಾದಿದ್ದೇನೆ. ಬಾರದಿರಲಿ ಎಂದು ಕಾದದ್ದು ಅದೊಂದೇ ಸಲ. ದೇವರಮನೆಯ ಬಾಲಾಜಿಗೂ ಅದನ್ನೇ ಹೇಳಿದೆ: ಅವನನ್ನು ಕಳಿಸಬೇಡಪ್ಪ. ಶನಿವಾರ ಲೊರೇನ್ ಸ್ಲಿಪ್ಪರ್ ಕೂಡ ಹಾಕಿಕೊಳ್ಳದೆ ಹುಲ್ಲು ದಾಟಿ ಬಂದಳು. ನನ್ನ ಕೈ ಹಿಡಿದುಕೊಂಡು ತಲೆಯಾಡಿಸಿದಳು. ತಂಡದವರು ಅವನನ್ನು ಉಳಿಸಿಕೊಂಡಿದ್ದರು.

ಆಮೇಲಿನದನ್ನು ಪೇಪರಿನವರು ಬರೆದಿದ್ದಾರೆ. ಕೆನಡಾದಲ್ಲಿ ಈಗ ಅವನ ಫೋಟೋ ಬಸ್ಸಿನ ಮೇಲಿದೆಯಂತೆ. ಅಲ್ಲಿಯವಳನ್ನೇ ಮದುವೆಯಾದ, ಮನೆ ಕೊಂಡ, ಎರಡನೇ ವರ್ಷ ಅಮ್ಮನನ್ನೂ ಕರೆಸಿಕೊಂಡ. ಕ್ರಿಸ್‌ಮಸ್‌ಗೆ ತಪ್ಪದೆ ಫೋನ್ ಮಾಡುತ್ತಾನೆ. ಇದು ನಾಲ್ಕನೇ ಸೀಸನ್. ಈ ಕಡೆ ಇನ್ನೂ ಒಮ್ಮೆಯೂ ಬಂದಿಲ್ಲ.

ದೇವರು ನನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಬೇಕಾಗಿರಲಿಲ್ಲ.