ಸುಂದ್ರಮ್ಮನ ರೊಟ್ಟಿ ಗಂಟು

ಬೆಳಗಿನ ಐದೂವರೆ. ಹತ್ತಿಕುಣಿ ಸಮೀಪದ ಈ ಸಣ್ಣ ಊರಿನಲ್ಲಿ ಕೋಳಿಗಿಂತ ಮೊದಲು ಕೂಗುವವರು ಸುಂದ್ರಮ್ಮ. "ಬಿಡ್ರೆವ್ವಾ, ದನಾ ಬಿಡ್ರಿ!" ಕೂಗು ಕೇಳಿದ್ದೇ ತಡ, ಹಗ್ಗ ಬಿಚ್ಚಿಸಿಕೊಂಡ ಎಮ್ಮೆ, ಆಕಳು ಓಣಿಗಿಳಿಯುತ್ತವೆ. ಬಾಗಿಲು ಬಾಗಿಲಿಗೂ ಒಂದೊಂದು ಜೋಳದ ರೊಟ್ಟಿ ಅವರ ಅರಿವೆ ಗಂಟಿಗೆ ಬೀಳುತ್ತದೆ. ಊರ ದನ ಕಾಯುವವರಿಗೆ ಮನೆಗೊಂದು ರೊಟ್ಟಿ, ಅದು ಇಲ್ಲಿಯ ಹಳೆಯ ವಾಡಿಕೆ.

ಇಪ್ಪತ್ತೊಂಬತ್ತು ಮನೆ, ಅರವತ್ತಮೂರು ದನ. ಒಂದೊಂದರ ಗುಣವೂ ಬಾಯಿಪಾಠ. "ಈಕಿ ನೋಡಾಕ ಭಾಳ ಬಡವಿ ಅದಾಳ್ರಿ. ಕಡ್ಲಿ ಹೊಲಾ ಕಂಡ್ರ ಕಳ್ಳಿ!" ಎಂದು ಮುರುಗೊಂಬಿನ ಎಮ್ಮೆಯ ಬೆನ್ನು ಚಪ್ಪರಿಸುತ್ತಾರೆ.

ಕೈಯಲ್ಲಿರುವ ಕೋಲು ಗಂಡ ಮಹಾದೇವಪ್ಪನದು. ಹನ್ನೆರಡು ವರ್ಷದ ಹಿಂದೆ ಅವರು ತೀರಿಕೊಂಡಾಗ ಸುಂದ್ರಮ್ಮ ಅದನ್ನು ಎತ್ತಿಕೊಂಡರು. ಹೆಂಗಸು ಊರ ದನ ಕಾಯುವುದುಂಟೇ ಎಂದು ನಕ್ಕವರಿದ್ದರು. "ನಕ್ಕವರ ಎಮ್ಮಿನೇ ಮೊದಲ ನನ್ನ ಹಿಂದ ಬಂದ್ವು ನೋಡ್ರಿ."

ದನಗಳು ಹೋಗುವುದು ಊರ ಗಾಯರಾಣಕ್ಕೆ. ಊರಿಗೆಲ್ಲ ಸೇರಿದ ಹದಿನೆಂಟು ಎಕರೆ ಹುಲ್ಲುಗಾವಲು ಅದು. ಮೂರು ವರ್ಷದ ಹಿಂದೆ ಅಲ್ಲಿ ಒಂದು ಮುಂಜಾನೆ ಸುಣ್ಣ ಬಳಿದ ಪ್ಲಾಟಿನ ಕಲ್ಲುಗಳು ಎದ್ದು ನಿಂತಿದ್ದವು. ಊರ ಶಾಲೆಯ ಶಿಕ್ಷಕಿ ಪಂಚಶೀಲಾ ಅಲ್ಲಿ ಅಂಟಿಸಿದ್ದ ಸರ್ಕಾರಿ ನೋಟಿಸು ಓದಿ ಹೇಳಿದರು: ಕಾಗದದಲ್ಲಿ ಇದು 'ಖಾಲಿ ಜಾಗ'. ಕಲ್ಲಿಗೆ ಬಾರದ ಸಿಟ್ಟು ಸುಂದ್ರಮ್ಮನಿಗೆ ಆ ಮಾತಿಗೆ ಬಂತು. "ಇಷ್ಟು ದನಾ ಹೊಟ್ಟಿ ತುಂಬಿಸ್ಕೊಳ್ಳೋ ಜಾಗ ಖಾಲಿ ಹ್ಯಾಂಗ ಆಗ್ತದ?"

ಪಂಚಶೀಲಾ ಅರ್ಜಿ ಬರೆದರು. ನಾದಿನಿ ಅಮೃತಮ್ಮನನ್ನು ದನಗಳ ಕಾವಲಿಗೆ ಬಿಟ್ಟು ಸುಂದ್ರಮ್ಮ ಯಾದಗಿರಿಗೆ ಹನ್ನೊಂದು ಸಲ ಹೋಗಿ ಬಂದರು. ಕಚೇರಿಗಳಲ್ಲಿ ಕುಳಿತು ಕಾದ ಹೊತ್ತನ್ನು ಅವರು ಇಂದಿಗೂ ದೂರುವುದಿಲ್ಲ. ಕೊನೆಗೆ ಸ್ಥಳ ನೋಡಲು ಅಧಿಕಾರಿ ಬಂದರು. ದನ ಮೇಯುತ್ತವೆ ಎನ್ನುವುದಕ್ಕೆ ಕಾಗದ ಏನಿದೆ ಎಂದು ಕೇಳಿದರು.

ಸುಂದ್ರಮ್ಮನಿಗೆ ಓದು ಬರಹ ಬಾರದು. ಕಾಗದ ಎಲ್ಲಿಂದ ತರಬೇಕು? ತಲೆಯ ಮೇಲಿನ ಗಂಟಿಳಿಸಿ ಹುಲ್ಲಿನ ಮೇಲೆ ಬಿಚ್ಚಿದರು. ಇಪ್ಪತ್ತೊಂಬತ್ತು ರೊಟ್ಟಿ.

"ತೆಳ್ಳಗದಲ್ರಿ, ಇದು ಸಾಬೇರಾ ಮನೀದು. ಒಂದು ಮಗ್ಗಲು ಹೊತ್ತಿದ್ದು ದೇವಿಕಾಂದು, ಆಕಿ ದಿನಾ ಹಿಂಗೇ. ಎಳ್ಳು ಹಚ್ಚಿದ್ದು ಹುಲಗಪ್ಪನ ಮನೀದು. ಇಲ್ಲಿ ದನಾ ಮೇಯದಿದ್ರ ಇವರೆಲ್ಲ ನನಗ ಯಾಕ ರೊಟ್ಟಿ ಕೊಡ್ತಾರ್ರಿ, ಸಾಹೇಬ್ರ?"

ಊರೇ ನಕ್ಕಿತು, ದೇವಿಕಾಳ ಹೊರತು. ಅಧಿಕಾರಿ ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು, ಆಮೇಲೆ ಒಂದೊಂದು ಮನೆಯ ಹೆಸರನ್ನೂ ಬರೆದುಕೊಂಡರು. ತೀರ್ಮಾನಕ್ಕೆ ಮತ್ತೆ ಏಳು ತಿಂಗಳು ಹಿಡಿಯಿತು. ಆದರೆ ಕಾಗದದಿಂದ 'ಖಾಲಿ' ಹೋಯಿತು, ಗಾಯರಾಣದಿಂದ ಕಲ್ಲುಗಳೂ ಹೋದವು. "ನಾ ಬರದಿದ್ದು ನಾಕು ಅರ್ಜಿ. ಕೆಲಸಾ ಮಾಡಿದ್ದು ಅತ್ತಿಯವರ ರೊಟ್ಟಿ," ಎನ್ನುತ್ತಾರೆ ಪಂಚಶೀಲಾ. ರಕ್ತಸಂಬಂಧವಿಲ್ಲ, ಆದರೂ ಅವರಿಗೆ ಸುಂದ್ರಮ್ಮ ಅತ್ತೆ.

ಈಗ ಅಲ್ಲಿ ಬೋರ್ಡು ನಿಲ್ಲಿಸುವ ಮಾತು ನಡೆದಿದೆ. ಅದರಲ್ಲಿ ಸುಂದ್ರಮ್ಮನ ಹೆಸರೂ ಇರಲಿ ಎಂಬುದು ಊರವರ ಆಸೆ. ಸುಂದ್ರಮ್ಮ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

"ನನ್ನ ಹೆಸರು ಬ್ಯಾಡ್ರಿ. ಒಂದು ಎಮ್ಮಿ ಚಿತ್ರ ತಗಸ್ರಿ ಸಾಕು. ಓದಾಕ ಬಾರದವರಿಗೂ ಗೊತ್ತಾಗ್ಲಿ, ಈ ಜಾಗ ಖಾಲಿ ಇಲ್ಲಂತ."