ಮೋರಾವನ್ನು ಲಾರಿ ಹತ್ತಿಸಿದ ನೆಲಿದಾ

ನೆಲಿದಾ ಬೆಂತಾಂಕೂರ್ ತಬ್ಬಲಿ ಕರುಗಳನ್ನು ಸಾಕುವವಳು. ತಕ್ವಾರೆಂಬೊ ಪಟ್ಟಣದ ಕಡೆ, ಮಾಂಸಕ್ಕಾಗಿ ದನ ಸಾಕುವ ಒಂದು ಎಸ್ಟೇಟಿನಲ್ಲಿ ಹಸು ಈಯುವಾಗ ಸತ್ತರೆ, ಆಳುಗಳು ಕರುವನ್ನು ಕುದುರೆಯ ಮೇಲೆ ಅಡ್ಡ ಹಾಕಿಕೊಂಡು ಬಂದು ಅವಳ ಅಡುಗೆಮನೆ ಬಾಗಿಲಲ್ಲಿ ಇಳಿಸುತ್ತಿದ್ದರು. ಒಲೆಯ ಪಕ್ಕ ಗೋಣಿ ಹಾಸಿ, ಬಾಟಲಿಯಲ್ಲಿ ಹಾಲು ಕುಡಿಸಿ, ಮೇಯುವಷ್ಟು ದೊಡ್ಡದಾದ ಮೇಲೆ ಮಂದೆಗೆ ಬಿಡುತ್ತಿದ್ದಳು. ಕಸಾಯಿಖಾನೆಯ ಲಾರಿ ಬಂದ ದಿನ ಮಾತ್ರ ಅವಳು ಹೊಸಿಲು ದಾಟುತ್ತಿರಲಿಲ್ಲ. ನಾನು ಅಲ್ಲಿ ಬೇಲಿ ಕಟ್ಟುವ ಕೆಲಸಕ್ಕಿದ್ದೆ. ಅಂಥ ದಿನ ಅವಳು ನಮಗೆ ಊಟಕ್ಕೆ ಬಡಿಸುತ್ತಿದ್ದುದು ಬರೀ ಕುಂಬಳಕಾಯಿ ಸಾರು. ಮಾಂಸವೆಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ.

ಎಸ್ಟೇಟಿನ ಯಜಮಾನರು ತೀರಿಕೊಂಡ ಮೇಲೆ ಅದನ್ನು ನೋಡಿಕೊಳ್ಳಲು ಅವರ ಮಗಳು ಲೆತೀಸಿಯಾ ಬಂದಳು. ರಾಜಧಾನಿ ಮೊಂತೆವಿದೇಯೊದ ಒಂದು ಕಂಪನಿಯ ಜೊತೆ ಒಪ್ಪಂದವಾಯಿತು. ಬದುಕಿರುವ ಹಸುವಿನ ಕತ್ತಿನಿಂದ ಕಡಲೆಕಾಳಿನಷ್ಟು ಮಾಂಸ ತೆಗೆದು, ಅದನ್ನೇ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸುತ್ತಾರಂತೆ. ಇನ್ನು ಇಲ್ಲಿ ಯಾವ ದನವನ್ನೂ ಕೊಲ್ಲಲು ಸಾಕುವುದಿಲ್ಲ ಎಂದು ಅವಳು ಹೇಳಿದಾಗ ನೆಲಿದಾ ಅವಳ ಕೈ ಹಿಡಿದು ಮುತ್ತಿಟ್ಟಳು. ಆಮೇಲೆ ಕೇಳಿದಳು, "ಈಗ ಇರೋವು ಎಲ್ಲಿಗೆ ಹೋಗ್ತವೆ, ಮಗಳೇ?"

ಲೆತೀಸಿಯಾ ಕೈ ಬಿಡಿಸಿಕೊಂಡಳು. "ಹುಲ್ಲುಗಾವಲಿಗೆ ನೀಲಗಿರಿ ಹಾಕ್ತಿದ್ದೀವಿ. ಇವನ್ನೆಲ್ಲ ಸಾಯೋತನಕ ಯಾರು ಸಾಕ್ತಾರೆ, ನೆಲಿದಮ್ಮಾ? ಇದೊಂದು ಸಲ ಲಾರಿ ಬರುತ್ತೆ. ಅದೇ ಕೊನೆ."

ಮೋರಾ ಎಂಬ ಕುಂಟು ಕಡಸನ್ನಾದರೂ ಉಳಿಸಿಕೊಡು ಎಂದು ನೆಲಿದಾ ಬೇಡಿಕೊಂಡಳು. ಅವಳೇ ಬಾಟಲಿ ಹಿಡಿದು ಸಾಕಿದ್ದು ಅದು. ಲೆತೀಸಿಯಾ ಒಪ್ಪಿ ಕಂಪನಿಗೆ ಫೋನು ಮಾಡಿದಳು. ತಾವು ಆರಿಸಿಕೊಂಡ ಹಸುಗಳನ್ನು ಬಿಟ್ಟು ಬೇರೆ ಒಂದು ದನವೂ ಆ ಜಮೀನಿನಲ್ಲಿ ಇರಕೂಡದು, ಸೋಂಕು ತಗಲುತ್ತದೆ ಎಂದರಂತೆ. ಫೋನಿಟ್ಟವಳು ಅಳುತ್ತಿದ್ದಳು. ನೆಲಿದಾಳೇ ಅವಳಿಗೆ ಸಮಾಧಾನ ಹೇಳಬೇಕಾಯಿತು. ನಾನು ನೆರೆಯ ಎಸ್ಟೇಟಿನ ಮೇಸ್ತ್ರಿಯನ್ನು ಕೇಳಿ ನೋಡಿದೆ. "ಕೊಲ್ಲದೇ ಇರೋ ಪುಣ್ಯವಂತರು ನೀವು. ಕುಂಟುದನ ನಮ್ಮ ತಲೆಗ್ಯಾಕೆ ಕಟ್ತೀಯಾ?" ಎಂದು ನಕ್ಕುಬಿಟ್ಟ.

ಲಾರಿ ಬಂತು. ಎಲ್ಲ ದನಗಳೂ ಹತ್ತಿದವು, ಮೋರಾ ಮಾತ್ರ ಲಾರಿಗೆ ಒರಗಿಸಿದ್ದ ಹಲಗೆಯ ಮುಂದೆ ಕಾಲೂರಿ ನಿಂತಿತು. ಆಳುಗಳು ಕೋಲೆತ್ತಿದಾಗ ನೆಲಿದಾ ಒಳಗಿನಿಂದ ಬಂದಳು.

"ಹೊಡೀಬೇಡ್ರೋ. ನಾನು ಕರೀತೀನಿ."

ತಾನೇ ಹಲಗೆ ಹತ್ತಿ, ಹಾಲು ಕುಡಿಸುವಾಗ ಮಾಡುತ್ತಿದ್ದಂತೆ ಲೊಚಗುಟ್ಟಿ ಕರೆದಳು. ಮೋರಾ ಕುಂಟುತ್ತಾ ಅವಳ ಹಿಂದೆಯೇ ಹೋಯಿತು. ಇಳಿಯುವಾಗ ನಾನು ಕೈ ಚಾಚಿದೆ. ಅವಳು ಹಿಡಿಯಲಿಲ್ಲ.

ಆಮೇಲೆ ಅವಳಿಗೆ ಕಂಪನಿಯ ಹಸುಗಳ ತಲೆ ಹಿಡಿಯುವ ಕೆಲಸ ಕೊಟ್ಟರು. ಡಾಕ್ಟರು ಮಾಂಸದ ಚೂರು ತೆಗೆಯುವಾಗ ಅವು ಬೆದರದಂತೆ ನೋಡಿಕೊಳ್ಳಬೇಕು. ಹಸುಗಳೇನೋ ಸುಖವಾಗಿದ್ದವು, ಆದರೆ ಅವುಗಳಿಗೆ ಗರ್ಭ ಕಟ್ಟಿಸುತ್ತಿರಲಿಲ್ಲ. ಅವಳ ಒಲೆಯ ಪಕ್ಕಕ್ಕೆ ಕರು ಬರುವುದೇ ನಿಂತಿತು. ಅಡುಗೆಮನೆಯಲ್ಲಿ ನೆಲಿದಾ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಳು. ಕಡೆಗೆ ಕೆಲಸ ಬಿಟ್ಟು ರಿವೇರಾ ಊರಿನಲ್ಲಿರುವ ತಂಗಿಯ ಮನೆಗೆ ಹೊರಟುಹೋದಳು.

ಹೋದ ಚಳಿಗಾಲದಲ್ಲಿ ಅವಳನ್ನು ನೋಡಲು ಹೋಗಿದ್ದೆ. ಮಾತೆ ಎಂಬ ಎಲೆಯ ಬಿಸಿ ಕಷಾಯ ಕುಡಿಯುತ್ತಾ ಕೂತಿದ್ದಾಗ, ಲೆತೀಸಿಯಾ ಮಾಡಿದ್ದು ತಪ್ಪಲ್ಲವೇ ಎಂದು ಕೇಳಿದೆ.

"ಏನಂತ ತಪ್ಪು ಹೇಳ್ಲಿ? ಕೊಲ್ಲೋದು ನಿಂತಿತು. ಇಷ್ಟು ವರ್ಷ ಕನ್ಯಾ ಮರಿಯಮ್ಮನ ಹತ್ರ ನಾನು ಬೇಡ್ಕೊಂಡಿದ್ದೂ ಅದನ್ನೇ" ಎಂದಳು.

ಕೆಟಲಿನ ನೀರು ಆರಿತ್ತು. ಬಿಸಿ ಮಾಡಲು ಎದ್ದವಳು ಒಲೆ ಹಚ್ಚದೆ, ಅದರ ಪಕ್ಕದ ಬರಿ ನೆಲವನ್ನು ನೋಡುತ್ತಾ ನಿಂತೇ ಇದ್ದಳು.